ಆದಿವಾಲಕ್ಕೆ ಹೋದ ಮಿಲ್ಲು

ಮೊನ್ನೆ ಟ್ರಂಕಿನ ತಳದಲ್ಲಿ ಹಳೆಯ ಕಾರ್ಬನ್ ಪೇಪರ್ ಒಂದು ಸಿಕ್ಕಿತು. ಬೆರಳಿಗೆ ಇನ್ನೂ ನೀಲಿ ಅಂಟುತ್ತದೆ. ಮೂಗಿನ ಹತ್ತಿರ ಹಿಡಿದೆ... ದುರ್ಗದ ಶೇಂಗಾ ಮಿಲ್ಲು, ಅಲ್ಲಿನ ಮೇಸ್ತ್ರಿಯಮ್ಮ ನೆನಪಾದರು.

ನಾನು ಆ ಮಿಲ್ಲಿನ ಟೈಪಿಸ್ಟ್. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷ್ ಲೆಟರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ನನಗದರ ಜಂಬವೂ ಇತ್ತು. ಮೇಸ್ತ್ರಿಯಮ್ಮ ಬೀಜ ಆರಿಸುವ ಹೆಂಗಸರನ್ನು ನೋಡಿಕೊಳ್ಳುತ್ತಿದ್ದರು. ಮುಕ್ಕು ಬೀಜವನ್ನು ಕಣ್ಣಿಂದ ನೋಡದೆ ಬೆರಳಲ್ಲೇ ಗುರುತಿಸಿ ಎಸೆಯುತ್ತಿದ್ದರು.

ಆಗ ಹಿಂದುಳಿದ ತಾಲ್ಲೂಕಿನಲ್ಲಿ ಹೊಸ ಕಾರ್ಖಾನೆ ಹಾಕಿದವರಿಗೆ ಸರ್ಕಾರ ಕೆಲವು ವರ್ಷ ಸೇಲ್ಸ್ ಟ್ಯಾಕ್ಸ್ ಬಿಡುತ್ತಿತ್ತು. ನಮ್ಮ ಸಾವ್ಕಾರರು ದುರ್ಗದ ಮಿಲ್ಲು ಮುಚ್ಚಿ, ಹಿರಿಯೂರಿನ ಕಡೆ ಆದಿವಾಲದಲ್ಲಿ ಹೊಸದು ಕಟ್ಟಲು ಹೊರಟರು. ಎಷ್ಟು ಜನರಿಗೆ ಉದ್ಯೋಗ ಕೊಡುತ್ತೀರಿ ಎಂದು ಅರ್ಜಿಯಲ್ಲಿ ಒಂದು ಕಾಲಮ್ ಇತ್ತು. "ಹಾಜರಿ ಪುಸ್ತಕ ನೋಡಿ ಹಾಕಮ್ಮ" ಎಂದರು. ಹೆಂಗಸರನ್ನು ಎಣಿಸಿ ಟ್ವೆಂಟಿಫೋರ್ ಎಂದು ಟೈಪ್ ಮಾಡಿದೆ.

ಮಾರನೆಯ ದಿನ ಮೇಸ್ತ್ರಿಯಮ್ಮ ಸೆರಗಿನ ಧೂಳು ಕೊಡವುತ್ತಾ ಬಂದು ನಿಂತರು.

"ಏನವ್ವ ಕಾನ್ವೆಂಟಮ್ಮ, ಟಕಟಕ ಅಂತ ಹೊಡೆದ್ಯಲ್ಲ, ಆ ಕಾಗದದಾಗೆ ನಾವು ಇದೀವೋ ಇಲ್ವೋ?"

"ಇಪ್ಪತ್ನಾಲ್ಕು ಜನ ಅಂತ ಇದೆ. ನಿಮ್ಮನ್ನೇ ಎಣಿಸಿ ಹಾಕಿದ್ದು."

"ಪಕ್ಕದ ಮಿಲ್ಲೋರು ನಾಳೆಯಿಂದ್ಲೇ ಬರ್ರಿ ಅಂತಾವ್ರೆ. ಹೋಗಾಣ ಅಂತ ಇವ್ರದ್ದೆಲ್ಲ ಒಂದೇ ಗಲಾಟೆ."

"ಯಾಕೆ ಹೋಗ್ತೀರಿ? ಇದು ಗೌರ್ಮೆಂಟ್ ಪೇಪರ್. ಡೋಂಟ್ ವರಿ."

ಆಕೆ ನಕ್ಕರು. "ಆಯ್ತು ಬಿಡು, ಆದಿವಾಲದಾಗೆ ಗುಡಿಸ್ಲು ಹಾಕ್ಕೊಂಡಾದ್ರೂ ಇರ್ತೀವಿ. ಓದಿದೋಳು ನೀನಂದ ಮೇಲೆ ನಮ್ ಕೆಲ್ಸ ಐತೆ."

ತಮ್ಮವರನ್ನೆಲ್ಲ ಅವರು ತಡೆದು ನಿಲ್ಲಿಸಿಕೊಂಡರು. ಪಕ್ಕದ ಮಿಲ್ಲಿನವರು ಬೇರೆಯವರನ್ನು ಸೇರಿಸಿಕೊಂಡರು.

ಟ್ಯಾಕ್ಸ್ ಮಾಫಿ ಮಂಜೂರಾಯಿತು. ಹೊಸ ಮಿಲ್ಲಿನಲ್ಲಿ ಬೀಜ ಆರಿಸಲು ಕೂತವರೆಲ್ಲ ಆದಿವಾಲದ ಹೆಂಗಸರು. ಧೈರ್ಯ ಮಾಡಿ ಸಾವ್ಕಾರರನ್ನು ಕೇಳಿದೆ.

"ಇಪ್ಪತ್ನಾಕು ಅಂತ ಬರ್ದಿದ್ವಿ, ಅಲ್ಲಿ ಇಪ್ಪತ್ನಾಕು ಜನ ಅವ್ರಲ್ಲಮ್ಮ. ಆ ಊರೋರನ್ನ ಬಿಟ್ಟು ಇಲ್ಲಿಂದ ಕರ್ಕೊಂಡು ಹೋಗಾಕಾಗ್ತೈತಾ?"

ಅವರು ಹೇಳಿದ್ದು ಸುಳ್ಳಲ್ಲ. ಆಫೀಸು ದುರ್ಗದಲ್ಲೇ ಉಳಿಯಿತು, ಅದರ ಜೊತೆ ನನ್ನ ಕೆಲಸವೂ.

ಮೇಸ್ತ್ರಿಯಮ್ಮ ಒಂದೇ ಒಂದು ಸಲ ಬಂದರು. ಒಳಗೆ ಬರಲಿಲ್ಲ, ಕಿಟಕಿಯ ಹೊರಗೇ ನಿಂತರು.

"ಅಲ್ಲವ್ವ, ನಮ್ಮ ಹೆಸ್ರು ಬರೀಲಿಲ್ವೇನು?"

"ಹೆಸರಿಗೆ ಕಾಲಮ್ ಇರಲಿಲ್ಲ" ಎಂದೆ.

"ಹೌದಾ" ಎಂದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು...

ಆಮೇಲೆ ಅವರು ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. ದೂರದಿಂದಲೇ ಕಂಡರೂ ನಾನು ಆ ಸಾಲಿಗೆ ಹೋಗುತ್ತಿರಲಿಲ್ಲ.

ಹಳೆಯ ಮಿಲ್ಲಿನ ಜಾಗದಲ್ಲಿ ಈಗ ಶಾಪಿಂಗ್ ಕಾಂಪ್ಲೆಕ್ಸ್ ಎದ್ದಿದೆ. ಹೊಸ ರಿಯಾಯಿತಿ, ಇಷ್ಟು ಸಾವಿರ ಉದ್ಯೋಗ ಎಂದು ನ್ಯೂಸ್‌ಪೇಪರಿನಲ್ಲಿ ಬಂದಾಗ ಪೂರ್ತಿ ಓದುತ್ತೇನೆ. ಮೇಸ್ತ್ರಿಯಮ್ಮ ತೀರಿಹೋಗಿ ಬಹಳ ವರ್ಷವಾಯಿತಂತೆ. ಯಾವ ವರ್ಷ ಎಂದು ನನಗೆ ಗೊತ್ತಿಲ್ಲ. ನಾನು ಸೊಪ್ಪು ಬೇರೆ ಸಾಲಿನಲ್ಲಿ ಕೊಳ್ಳುತ್ತಿದ್ದೆನಲ್ಲ.