ಪೈಯುನಳ ಒಂಬತ್ತು ಜೀನ್‌ಗಳು

ಲುವೋ ಪೈಯುನ್ ಚಿಂತೆಗೆ ಕೂತಳೆಂದರೆ ತೈನಾನ್ ಊರಿನ ಹಲ್ಲಿಗಳೆಲ್ಲ ಲೊಚಗುಟ್ಟುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದವು. ಯಕೃತ್ತಿನ ಆಸ್ಪತ್ರೆಯೊಂದರಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಅವಳು, ಲಿಫ್ಟ್ ಬೀಳುವ ಸಂಭವವನ್ನು ಲೆಕ್ಕ ಹಾಕಿ ಮೆಟ್ಟಿಲು ಹತ್ತಿ, ಎಡವುವ ಸಂಭವ ಅದಕ್ಕಿಂತ ಹೆಚ್ಚೆಂದು ನೆನಪಾಗಿ ನಡುದಾರಿಯಲ್ಲೇ ನಿಂತುಬಿಡುವ ಹೆಂಗಸು.

ಆ ವಾರ ಮಾತ್ರ ಚಿಂತೆಗೆ ಕಾರಣವಿತ್ತು. ಲೆಕ್ಕ ತೀರಾ ಚೆನ್ನಾಗಿ ಬಂದಿತ್ತು.

ಇನ್ನೂರು ರೋಗಿಗಳು, ಒಬ್ಬೊಬ್ಬರಿಗೂ ಇಪ್ಪತ್ತು ಸಾವಿರ ಜೀನ್‌ಗಳ ಅಳತೆ. ಯಾರು ಎಷ್ಟು ಕಾಲ ಬದುಕುತ್ತಾರೆಂದು ಯಾವ ಜೀನ್ ಹೇಳಬಲ್ಲದು? ಕೇಳಿದರೆ ಎಲ್ಲವೂ ನಾನು ನಾನು ಎನ್ನುತ್ತವೆ. ಅದಕ್ಕೇ ಪೈಯುನ್ ಸಮೀಕರಣದ ಬಾಗಿಲಲ್ಲಿ ದಂಡ ವಸೂಲಿಗೆ ನಿಂತಿದ್ದಳು: ದಂಡ ತೆರುವಷ್ಟು ಸತ್ವವಿದ್ದ ಜೀನ್ ಒಳಗೆ, ಇಲ್ಲದ್ದು ಸೊನ್ನೆಯಾಗಿ ಹೊರಗೆ. ಕೆಲವು ರೋಗಿಗಳನ್ನು ಲೆಕ್ಕದ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಉಳಿದವರಿಂದ ಕಲಿತದ್ದನ್ನು ಆಮೇಲೆ ಅವರ ಮೇಲೆ ಪರೀಕ್ಷಿಸಬೇಕು. ಒಂಬತ್ತು ಜೀನ್ ಉಳಿದವು. ಬಚ್ಚಿಟ್ಟವರ ಆಯುಸ್ಸನ್ನು ಅವು ಹೇಳಿದ ರೀತಿಗೆ ಊರಿನ ಶಕುನದವರೆಲ್ಲ ಅಂಗಡಿ ಮುಚ್ಚಬೇಕಿತ್ತು.

ಆ ಒಂಬತ್ತರ ಮಾತು ನಂಬಿ, ಅಪಾಯ ಕಡಿಮೆಯಿರುವವರಿಗೆ ಸೋಮವಾರದಿಂದ ಔಷಧಿ ನಿಲ್ಲಿಸಲು ಡಾಕ್ಟರ್ ಗಾನ್ ಹೊರಟಿದ್ದರು. ಮೊದಲ ಸರದಿ ಶ್ರೀಮತಿ ತು ಅವರದು. ಆಸ್ಪತ್ರೆಯೆದುರು ಮೀನಿನ ಗಂಜಿ ಮಾರುವಾಕೆ.

"ಔಷ್ಧಿ ನಿಲ್ಲುತ್ತಂತೆ ಕಣಮ್ಮ," ಶುಕ್ರವಾರ ಬೆಳಿಗ್ಗೆ ಆಕೆ ಪೈಯುನಳ ಬಟ್ಟಲಿಗೆ ಎರಡು ತುಂಡು ಹೆಚ್ಚಿಗೆ ಹಾಕಿದಳು. "ನಿನ್ನ ಲೆಕ್ಕದ ಪುಣ್ಯ. ಇನ್ಮೇಲಾದ್ರೂ ನಾಲಿಗೆಗೆ ರುಚಿ ಹತ್ತುತ್ತೆ. ಯಾಕೆ, ಉಪ್ಪು ಕಮ್ಮಿಯಾ?"

ಪೈಯುನ್ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ, ಆ ಊರಿನ ಎಲ್ಲ ಆಫೀಸುಗಳಲ್ಲಿರುವಂತೆ, ಜೋಳದ ಕುರುಕಲಿನ ಹಸಿರು ಪೊಟ್ಟಣವಿತ್ತು. ಅದಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆಂದು ಅಲ್ಲಿನವರ ನಂಬಿಕೆ. ಆದರೆ ಅವಧಿ ಮೀರಿರಬಾರದು. ಇದರದ್ದು ಚಳಿಗಾಲದಲ್ಲೇ ಮುಗಿದಿತ್ತು. ಪೈಯುನ್ ಓಡಿಹೋಗಿ ಹೊಸದು ತಂದಿಟ್ಟಳು. ಹಳಸಿದ ಪೊಟ್ಟಣದ ಕೆಳಗೆ ನಡೆದ ಲೆಕ್ಕವೆಲ್ಲ ಮೈಲಿಗೆಯೆನ್ನಿಸಿ ಮೊದಲ ಸಾಲಿನಿಂದ ಓದುತ್ತ ಬಂದಳು. ಜೀನ್ ಸೋಸುವ ಸಾಲಿಗೆ ಬಂದು ನಿಂತಳು. ದಂಡದ ಬಾಗಿಲಿಗೆ ಕಳಿಸುವ ಮುಂಚೆ ಇಪ್ಪತ್ತು ಸಾವಿರದಿಂದ ಐನೂರು ಜೀನ್ ಸೋಸುವಾಗ ಅವಳು ಯಾರನ್ನೂ ಬಚ್ಚಿಟ್ಟಿರಲಿಲ್ಲ; ಎಲ್ಲರ ಸಾವು ಬದುಕು ನೋಡಿಯೇ ಸೋಸಿದ್ದಳು. ಪರೀಕ್ಷೆ ಬರೆಯುವವರೇ ಪ್ರಶ್ನೆಪತ್ರಿಕೆ ತಯಾರಿಸಿದಂತಾಗಿತ್ತು.

ಮೊದಲು ಬಚ್ಚಿಟ್ಟು, ಆಮೇಲೆ ಸೋಸಿ, ಮತ್ತೆ ಲೆಕ್ಕ ಓಡಿಸಿದಳು. ಒಂದು ಜೀನೂ ದಂಡ ತೆರಲಿಲ್ಲ. ಇಪ್ಪತ್ತು ಸಾವಿರವೂ ಸೊನ್ನೆ.

"ಹೊಸ ಪೊಟ್ಟಣ ಇಟ್ಟು ಇನ್ನೊಂದ್ಸಲ ಓಡ್ಸಿ," ಎಂದರು ಡಾಕ್ಟರ್ ಗಾನ್.

"ಇಟ್ಟಮೇಲೇ ಹಿಂಗೆ ಬಂದಿದ್ದು ಡಾಕ್ಟ್ರೇ."

"ಒಂಬತ್ರಲ್ಲಿ ಒಂದಾದ್ರೂ?"

"ಒಂದೂ ಇಲ್ಲ. ತಪ್ಪು ನಂದೇ."

ಡಾಕ್ಟರು ಸೋಮವಾರದ ಪಟ್ಟಿ ತೆಗೆದು ಮೇಲಿಂದ ಕೆಳಗೆ ಓದಿದರು. ಅಷ್ಟು ಹೊತ್ತಿನಲ್ಲಿ ಪೈಯುನ್ ಮನಸ್ಸಿನಲ್ಲೇ ಮೂರು ಕೆಲಸ ಕಳೆದುಕೊಂಡಳು.

"ಸೋಮವಾರದ್ದು ರದ್ದು," ಅಂದರು ಕೊನೆಗೆ. "ತು ಅಮ್ಮಂಗೆ ಯಾರು ಹೇಳೋರು?"

"ನಾನೇ ಹೇಳ್ತೀನಿ."

"ಗಂಜಿ ಸೌಟು ಕೈಲಿರುತ್ತೆ. ಸ್ವಲ್ಪ ದೂರ ನಿಂತ್ಕೊಳಿ."

ಮರುದಿನ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಪೈಯುನ್ ಹತ್ತಿರವೇ ಕೂತು ಹೇಳಿದಳು. ಶ್ರೀಮತಿ ತು ಪೂರ್ತಿ ಕೇಳಿಸಿಕೊಂಡಳು. "ಹಂಗಾದ್ರೆ ಔಷ್ಧಿ ನುಂಗ್ತಾ ಇರ್ಬೇಕು."

"ಹೌದು ತು ಅಮ್ಮ. ನಿಲ್ಸಿದ್ರೆ ಏನಾಗುತ್ತೋ ನಂಗೆ ಗೊತ್ತಿಲ್ಲ."

ಆಕೆ ಬಟ್ಟಲಿಗೆ ಸೌಟಿಳಿಸಿ, ಅಂದೂ ಹೆಚ್ಚಿಗೆ ಹಾಕಿದ್ದ ಎರಡು ತುಂಡು ಮೀನನ್ನು ವಾಪಸ್ ತೆಗೆದಳು. ಪೈಯುನಳ ಮುಖ ನೋಡಿದಳು. ಆಮೇಲೆ ಒಂದನ್ನು ಮಾತ್ರ ಮರಳಿ ಹಾಕಿದಳು.