ಕಿವಿಯಿಂದ ಕೂರಿಸಿದ ಟೈಮಿಂಗ್

ಅಪ್ಪ ಕಾರಿನ ಟೈಮಿಂಗ್, ಅಂದರೆ ಇಂಜಿನ್ನಿನಲ್ಲಿ ಕಿಡಿ ಹತ್ತುವ ಗಳಿಗೆ, ಕೂರಿಸುತ್ತಿದ್ದುದು ಕಿವಿಯಿಂದ. ಚಿನಕುರಳಿಯಿಂದ ಪಾಂಡವಪುರದ ಕಡೆ ಹೋಗುವಾಗ ಸಿಗುವ ಏರಿನಲ್ಲಿ ಗಾಡಿಯನ್ನು ಟಾಪ್ ಗೇರಿನಲ್ಲೇ ಹತ್ತಿಸಿ ಆಕ್ಸಿಲರೇಟರ್ ಪೂರಾ ಒತ್ತುತ್ತಿದ್ದ. ಇಂಜಿನ್ನಿನೊಳಗೆ ಕಟಕಟ ಸದ್ದು ಬಂದರೆ ಕಿಡಿ ಬೇಗ ಹತ್ತುತ್ತಿದೆ ಎಂದರ್ಥ. ಇಳಿದು, ಬಾನೆಟ್ ಎತ್ತಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಮತ್ತೆ ಏರು ಹತ್ತಿಸುತ್ತಿದ್ದ. ಸದ್ದು ಬಂದೂ ಬಾರದಂತಿರಬೇಕು, ಅದೇ ಸರಿಯಾದ ಜಾಗ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ, ಅದು ಸುಲಭಕ್ಕೆ ಸಿಕ್ಕಿದ್ದಲ್ಲ. ಬಾಡಿಗೆ ಕಾರಿನ ಸಂಪಾದನೆ ಸಾಲದಾದಾಗ ಅಪ್ಪ ಕಾರನ್ನು ಮನೆ ಮುಂದೆ ನಿಲ್ಲಿಸಿ ಕಲ್ಲು ಕ್ರಷರಿನಲ್ಲಿ ಟಿಪ್ಪರ್ ಓಡಿಸಲು ಹೋದ. ನನ್ನ ಓದು ಮುಗಿಯುವವರೆಗೂ ಹೋದ. ದಿನವಿಡೀ ಕ್ರಷರಿನ ಸದ್ದಿನ ಪಕ್ಕದಲ್ಲಿ ಇದ್ದವರ ಕಿವಿ ಏನಾಗುತ್ತದೆ ಎಂದು ಆಗ ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ.

ಹೋದ ವರ್ಷ ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ ಕಾರಿನ ಮುಂದೆ ನಿಂತಿದ್ದ.

"ಗಾಡಿ ಎಳೀತಾನೇ ಇಲ್ಲ ಕಣವ್ವ. ಕಿಡಿನ ಎಷ್ಟು ಅಡ್ವಾನ್ಸ್ ಮಾಡುದ್ರೂ ಅಂಗೇ ಅದೆ."

ಒಂದು ಸುತ್ತು ಹೋಗಿ ಬರೋಣ ಎಂದು ಹೊರಟೆವು. ಏರಿನಲ್ಲಿ ಇಂಜಿನ್ ಬಡಿದುಕೊಂಡ ರೀತಿಗೆ ಟೀ ಅಂಗಡಿಯವನು ಹೊರಗೆ ಬಂದು ಕೂಗಿದ: "ಏನಣ್ಣೋ, ಬಾನೆಟ್ಟೊಳಗೆ ಕಳ್ಳೇಕಾಯಿ ಉರೀತಿದ್ದೀಯಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ಕಂಡು ಅಪ್ಪನೂ ನಕ್ಕು ಕೈ ಎತ್ತಿದ. ಅಷ್ಟು ಜೋರಿನ ಸದ್ದು ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದೇ ಇದ್ದುದರಿಂದಲೇ, ಕಿಡಿ ಇನ್ನೂ ಬೇಗ ಹತ್ತಲೆಂದು, ದಿನದಿನಕ್ಕೂ ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸುತ್ತಾ ಬಂದಿದ್ದ. ಹೀಗೇ ಓಡಿಸಿದರೆ ಪಿಸ್ಟನ್ ತೂತಾಗುತ್ತದೆ. ಆದರೆ ನನ್ನನ್ನು ಹೆದರಿಸಿದ್ದು ಪಿಸ್ಟನ್ ಅಲ್ಲ.

ಮನೆಗೆ ಬಂದು ಬಾನೆಟ್ ಎತ್ತಿದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಓಡಿಸುವಾಗ, ಇಂಜಿನ್ ಉಸಿರೆಳೆಯುವ ಸೆಳೆತವೇ ಒಂದು ಸಣ್ಣ ಪೈಪಿನ ಮೂಲಕ ಡಿಸ್ಟ್ರಿಬ್ಯೂಟರ್ ಪಕ್ಕದ ಡಬ್ಬಿಯನ್ನು ಮುಟ್ಟಿ, ಕಿಡಿಯನ್ನು ತುಸು ಮುಂಚೆ ಹತ್ತಿಸುತ್ತದೆ. ಅದೇ ವ್ಯಾಕ್ಯೂಮ್ ಅಡ್ವಾನ್ಸ್. ಆ ಪೈಪಿನ ಇಂಜಿನ್ ಕಡೆಯ ತುದಿ ಬಿಚ್ಚಿ, ಬಾಯಿಂದ ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿದೆ. ಡಬ್ಬಿಯೊಳಗಿನ ರಬ್ಬರ್ ಪೊರೆ ಚೆನ್ನಾಗಿದ್ದರೆ ನಾಲಿಗೆ ಅಂಟಿಕೊಳ್ಳಬೇಕು. ಬರೀ ಗಾಳಿ ಬಂತು.

"ಅಷ್ಟು ಓದ್ಸಿದ್ದು ಪೈಪ್ ಚೀಪಕ್ಕೇನವ್ವಾ?" ಎಂದು ಅವ್ವ ಬಾಗಿಲಲ್ಲೇ ನಿಂತು ಕೇಳಿದಳು. ನನಗೆ ನಗು ಬರಲಿಲ್ಲ.

ಪೊರೆ ಹರಿದಿದ್ದಕ್ಕೆ ಗಾಡಿ ಸೋತಿತ್ತು. ಅದನ್ನು ತುಂಬಿಕೊಳ್ಳಲು ಅಪ್ಪ ಟೈಮಿಂಗ್ ಕೆಡಿಸಿದ್ದ. ಮೊದಲಾಗಿದ್ದರೆ ಕಿವಿ ಅವನನ್ನು ತಡೆಯುತ್ತಿತ್ತು.

ಮುಂದಿನ ವಾರ ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಬೇರೆ ಡಬ್ಬಿ ತಂದು ಹಾಕಿದೆವು. ಪೈಪ್ ಬಿಚ್ಚಿ, ಅದರ ಬಾಯಿಗೆ ಬಿರಡೆ ಇಟ್ಟು, ಇಂಜಿನ್ನನ್ನು ನಿಧಾನಕ್ಕೆ ಓಡಲು ಬಿಟ್ಟು, ಪುಲ್ಲಿಯ ಗುರುತಿನ ಮೇಲೆ, ಕಿಡಿ ಹತ್ತಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದೆ. ಅಪ್ಪ ಡಿಸ್ಟ್ರಿಬ್ಯೂಟರ್ ಹಿಡಿದಿದ್ದ. "ಸಾಕಪ್ಪ" ಎಂದೆ. ಅವನು ತಿರುಗಿಸುತ್ತಲೇ ಇದ್ದ. ಕೈ ಅಡ್ಡ ಹಿಡಿದ ಮೇಲೆ ನಿಲ್ಲಿಸಿದ. ಆಮೇಲೆ ನನ್ನ ಬಾಯನ್ನು ನೋಡಲಿಲ್ಲ, ಕೈಯನ್ನೇ ನೋಡಿದ. ಗುರುತು ಜಾಗಕ್ಕೆ ಬಂತು. ಬಿಗಿ ಮಾಡಿ ಪೈಪ್ ಸಿಕ್ಕಿಸಿದೆವು.

ಏರಿಗೆ ಅಪ್ಪನೇ ಓಡಿಸಿದ. ಟಾಪ್ ಗೇರಿನಲ್ಲಿ ಪೂರಾ ಒತ್ತಿ, ರಸ್ತೆಯನ್ನೇ ನೋಡುತ್ತಾ ಕೇಳಿದ:

"ಸದ್ದು ಬತ್ತದಾ, ಮಗಾ?"

ಹತ್ತಾರು ಊರು ತಿರುಗಿದ ಡ್ರೈವರು, ಹಿಂದೆಂದೂ ಯಾರನ್ನೂ ಆ ಮಾತು ಕೇಳಿದವನಲ್ಲ. ಇಲ್ಲವೆಂದು ತಲೆ ಆಡಿಸಿದೆ. ನಿಜವಾಗಿಯೂ ಸದ್ದು ಇರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಜಲ್ಲಿ ತುಂಬಿದ ಟಿಪ್ಪರೊಂದು ಬಿಟ್ಟೂ ಬಿಡದೆ ಹಾರನ್ ಹೊಡೆಯತೊಡಗಿತು. ಅಪ್ಪ ನಡುರಸ್ತೆಯಲ್ಲೇ ಹೋಗುತ್ತಿದ್ದ. ನಾನು ಸ್ಟಿಯರಿಂಗ್ ಹಿಡಿದು ಎಡಕ್ಕೆ ಎಳೆದೆ. ಟಿಪ್ಪರ್ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ದಾಟಿತು. ಕ್ಲೀನರ್ ಬಗ್ಗಿ, "ಲೇ ಮುದ್ಕ, ಕಿವ್ಡಾ ಏನ್ಲಾ?" ಎಂದು ಬೈದು ಹೋದ.

ಅಪ್ಪ ಗಾಡಿ ಬದಿಗೆ ನಿಲ್ಲಿಸಿದ. ಬೈಗುಳ ಕೇಳಿಸಿರಲಾರದು. ನನ್ನ ಮುಖದಲ್ಲಿ ಓದಿಕೊಂಡ.

"ಎಷ್ಟೊತ್ತಿಂದ ಹಾರನ್ ಹೊಡೀತಿದ್ದ?"

"ಸುಮಾರು ಹೊತ್ತಾಯ್ತಪ್ಪ."

ಇಳಿದ. ಬಾನೆಟ್ ಮುಂದಿನಿಂದ ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದ. "ಅತ್ತಾಗ್ ಸರಿ" ಎಂದ. ಮುಂದಿನ ಸೀಟು ಒಂದೇ ಉದ್ದದ್ದು. ಸ್ಟಿಯರಿಂಗ್ ಮುಂದಕ್ಕೆ ಸರಿದು ಕೂತೆ. ಅವನು ಕೂತ ಜಾಗ ಇನ್ನೂ ಬೆಚ್ಚಗಿತ್ತು.

ಮನೆ ಮುಂದೆ ನಿಲ್ಲಿಸಿದಾಗ ಅವ್ವ, "ಇದ್ಯಾಕೆ, ಇವ್ಳು ಓಡಿಸ್ಕ ಬತ್ತಾವ್ಳೆ?" ಎಂದಳು. ಅಪ್ಪ ಹಿತ್ತಲ ನಲ್ಲಿಯತ್ತ ಕೈ ತೊಳೆಯಲು ಹೋದ. ಅವ್ವ ಇನ್ನೊಂದು ಸಲ ಕೇಳಿದಳು, ಇನ್ನೂ ಜೋರಾಗಿ.