ಸಲೋಮಿಯ ಕೈಗೆ ಇಡದ ರೊಟ್ಟಿ

ಹಾರ್ಮೋನಿಯಂ ಕೈಕೊಡಬಹುದಿತ್ತು. ಗಾಳಿಗೆ ತಗಡಿನ ಮಾಡು ಹಾರಿಹೋಗಬಹುದಿತ್ತು. ಪಕ್ಕದ ಲೇತ್ ಶೆಡ್ಡಿನವರು ಭಾನುವಾರವೂ ಮಿಷನ್ ಹಾಕಿ ನನ್ನ ಪ್ರಸಂಗವನ್ನು ನುಂಗಬಹುದಿತ್ತು — ಅದರಿಂದ ಸಭೆಗೆ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ದ್ರಾಕ್ಷಾರಸ ಹುಳಿಯಬಹುದಿತ್ತು. ನಿಲುವಂಗಿಯ ಅಂಚು ಕಾಲಿಗೆ ಸಿಕ್ಕಿ, ನಾನು ಪಾತ್ರೆಯ ಸಮೇತ ಮುಗ್ಗರಿಸಬಹುದಿತ್ತು. ಇದನ್ನಂತೂ ವಾರವಿಡೀ ಕಣ್ಣಿಗೆ ಕಟ್ಟಿಕೊಂಡು ನಿದ್ದೆಗೆಟ್ಟಿದ್ದೆ. ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ಶುರುವಾದ ನಮ್ಮ ಸಭೆಗೆ ಅದು ಮೊದಲ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಇವು ಯಾವುವೂ ಆಗಲಿಲ್ಲ. ಆದದ್ದು ಇಷ್ಟೇ — ಸಾಲಾಗಿ ಮೊಣಕಾಲೂರಿದ್ದವರ ನಡುವೆ ಸಲೋಮಿ ಎಂಬಾಕೆ ಕೈ ಚಾಚಿದ್ದಳು. ಸಭಾಪಾಲಕನಾದ ನಾನು ಆ ಕೈಗೆ ರೊಟ್ಟಿ ಇಡದೆ ಮುಂದಕ್ಕೆ ಹೋದೆ.

ಮರೆತು ಹೋದದ್ದಲ್ಲ. ತಿಳಿದೇ ಹೋದೆ. ಕರ್ತನ ಮೇಜಿಗೆ ಬಂದವರಿಗೆ ರೊಟ್ಟಿ ಕೊಡದಿರುವುದೆಂದರೆ, ನೀನು ನಮ್ಮವಳಲ್ಲ ಎಂದು ಎಲ್ಲರೆದುರು ಹೇಳಿದಂತೆ. ಬಾಯಿ ತೆರೆಯುವ ಕಷ್ಟವೂ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಸಲೋಮಿ ಮೋಟಾರಿಗೆ ತಂತಿ ಸುತ್ತುವ ಕೆಲಸದಲ್ಲಿದ್ದಳು. ಗಂಡ ತೀರಿಕೊಂಡಿದ್ದ. ರಾಜಗೋಪಾಲನಗರದ ವಠಾರದಲ್ಲಿ ಆಕೆ, ಒಬ್ಬ ಮಗಳು. ಆ ವಾರ ಮಗಳಿಗೆ ಮೈತುಂಬ ಸೀತಾಳೆ ಸಿಡುಬಿನ ಬೊಬ್ಬೆ ಎದ್ದಿದೆಯೆಂದು ತಿಳಿದು, ಪ್ರಾರ್ಥನೆ ಮಾಡಲು ಹೋಗಿದ್ದೆ. ಬಾಗಿಲಿಗೆ ಬೇವಿನ ಸೊಪ್ಪು ತೂಗುತ್ತಿತ್ತು.

“ಓನರಮ್ಮ ಕಟ್ಬುಟ್ರು ಅಯ್ನೋರೆ, ಅಮ್ಮ ಬಂದವ್ಳೆ ಅಂತ. ಕಿತ್ತಾಕ್ಲಾ?” ಎಂದು ಸಲೋಮಿ ಕೇಳಿದಳು.

“ಇರ್ಲಿ ಬಿಡಮ್ಮ. ಸೊಪ್ಪು ತಾನೆ? ಅವರ ಹತ್ರ ಜಗಳ ಯಾಕೆ,” ಎಂದೆ.

ಹಾಗೆ ಹೇಳಿದ್ದು ಕರುಣೆಯಿಂದ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನಮ್ಮ ಶೆಡ್ಡೂ ಅದೇ ಓನರಮ್ಮನದು.

ಭಾನುವಾರ ನಿಲುವಂಗಿ ತೊಡುತ್ತಿದ್ದಾಗ ಸಭೆಯ ಹಿರಿಯ ಸತ್ಯದಾಸರು ಬಂದರು. ಕಾರ್ಖಾನೆಯಲ್ಲಿ ಫೋರ್‌ಮನ್, ಸಭೆಯ ಅರ್ಧ ಜನ ಅವರ ನಂಟರು, ಉಳಿದರ್ಧ ಅವರ ಕೈಕೆಳಗಿನವರು.

“ಅಯ್ಯನವರೇ, ಆ ಸಲೋಮಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಕೊಂಡಿದ್ದಾಳೆ. ನಾನೇ ಕಣ್ಣಾರೆ ನೋಡ್ದೆ ಕಣ್ರೀ. ಒಂದು ಕಾಲು ಇಲ್ಲಿ, ಇನ್ನೊಂದು ಮಾರಮ್ಮನ ಗುಡೀಲಿ! ಅವಳಿಗೆ ಕೊಟ್ರೆ ನಮ್ಮೋರು ಯಾರೂ ರೊಟ್ಟಿ ಮುಟ್ಟಲ್ಲ. ಆಮೇಲೆ ನನ್ನ ಅನ್ಬೇಡಿ.”

ಇರಲಿ ಎಂದವನು ನಾನೇ — ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಖಾಲಿ ಚಾಪೆಗಳು, ಮುಚ್ಚಿದ ಶೆಡ್ಡು, ನನ್ನನ್ನು ಇಲ್ಲಿಗೆ ಕಳಿಸಿದ ಬಿಷಪ್ಪರ ಮುಖ...

“ನೋಡೋಣ,” ಎಂದೆ.

ಸಭಾಪಾಲಕರಿಗೆ ಪ್ರಾರ್ಥನೆಗಿಂತ ಹೆಚ್ಚು ಬಳಕೆಗೆ ಬರುವ ಮಾತು ಅದು.

ಸಲೋಮಿಯ ಬೆರಳುಗಳ ಮೇಲೆ ತಾಮ್ರದ ತಂತಿ ಕೊರೆದ ಗೀರುಗಳಿದ್ದವು. ನೋಡಿದೆ. ದಾಟಿದೆ. ಪಕ್ಕದಲ್ಲಿದ್ದ ಸತ್ಯದಾಸರ ಹೆಂಡತಿಗೆ ರೊಟ್ಟಿ ಕೊಟ್ಟೆ. ಹಿಂದೆಯೇ ದ್ರಾಕ್ಷಾರಸದ ಪಾತ್ರೆಯೂ ಸಲೋಮಿಯನ್ನು ದಾಟಿತು. ಆಗ ನನಗೆ ಏನನ್ನಿಸಿತು ಎಂದು ಈಗಲೂ ಹುಡುಕುತ್ತೇನೆ — ಏನೂ ಅನ್ನಿಸಿರಲಿಲ್ಲ. ಆ ಕೈಗಳು ಸ್ವಲ್ಪ ಹೊತ್ತು ಹಾಗೆಯೇ ಇದ್ದವು. ಆಮೇಲೆ ಸೆರಗಿನೊಳಗೆ ಹೋದವು.

ಮಿಕ್ಕ ರೊಟ್ಟಿಯನ್ನು ಅಲ್ಲಿಯೇ ಸಭಾಪಾಲಕನೇ ತಿಂದು ಮುಗಿಸಬೇಕು, ಅದು ನಮ್ಮ ಕ್ರಮ. ಸಭೆಗೆ ಬೆನ್ನು ತಿರುಗಿಸಿ ನಿಂತು ತಿಂದೆ.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಿದ್ದೆ. ಸತ್ಯದಾಸರು ಪಕ್ಕದಲ್ಲೇ ಇದ್ದರು. ಸಲೋಮಿ ಬಂದಳು.

“ರೊಟ್ಟಿ ಸಾಲ್ದೆ ವೋಯ್ತೇನೋ, ಅಲ್ವಾ ಅಯ್ನೋರೆ?”

“ಹೂಂ ಕಣಮ್ಮ, ಸಾಲ್ಲಿಲ್ಲ,” ಎಂದೆ. ಹಲ್ಲಿನ ಸಂದಿಯಲ್ಲಿ ಅದರ ಚೂರು ಇನ್ನೂ ಇತ್ತು.

ನೀವೇ ತಾನೇ ಇರಲಿ ಅಂದದ್ದು ಎಂದು ಆಕೆ ಅಲ್ಲಿಯೇ ಅನ್ನಬಹುದಿತ್ತು. ಅನ್ನಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.

ಮಗಳು ಹುಷಾರಾದಳು. ಸಲೋಮಿ ಸಭೆಗೆ ಬರುತ್ತಲೇ ಇದ್ದಳು — ಕೊನೆಯ ಚಾಪೆಗೆ. ಕರ್ತನ ಭೋಜನದ ದಿನ ಮಾತ್ರ ಎಲ್ಲರೂ ಎದ್ದು ಮುಂದೆ ಬಂದರೂ ಆಕೆ ಏಳುತ್ತಿರಲಿಲ್ಲ. “ಇನ್ನೂ ಯಾರಾದರೂ ಬರುವವರಿದ್ದರೆ ಬನ್ನಿ,” ಎಂದು ನಾನು ಗೋಡೆಯನ್ನು ನೋಡುತ್ತಾ ಹೇಳುತ್ತಿದ್ದೆ. ಸತ್ಯದಾಸರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ಮೇಜಿನ ಮೇಲೆ ಬಟ್ಟೆ ಹೊದಿಸುತ್ತಿದ್ದೆ.

ಹೀಗೆ ಕೆಲವು ತಿಂಗಳು. ಆಮೇಲೆ ಆ ಚಾಪೆಯಲ್ಲಿ ಬೇರೆ ಯಾರೋ ಕೂತರು. ನಾಗಸಂದ್ರದ ಕಡೆ ಮನೆ ಮಾಡಿದ್ದಾಳೆ ಎಂದರು. ನಡೆದೇ ಹೋಗಬಹುದಾದ ದೂರ. ಹೋಗಲಿಲ್ಲ.

ಮೇಜಿನ ಬಳಿ ನಿಂತು ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಬರುತ್ತಿದ್ದಳೋ ಏನೋ. ಸಾಕಮ್ಮ ಎಂಬ ಹೆಸರಿನವಳ ತಲೆಗೆ ದೀಕ್ಷಾಸ್ನಾನದ ನೀರು ಹಾಕಿ, ಸಲೋಮಿ ಎಂದು ಹೆಸರಿಟ್ಟವನೇ ನಾನು.